ಬೆನ್ನ ಹಿಂದೆ ಸ್ಟಂಪ್ ಇಲ್ಲ

ಬೇಸ್‌ಬಾಲ್ ಪಂದ್ಯದಲ್ಲಿ ಮೊದಲ ಸಲ ಚೆಂಡಿಗೆ ಬ್ಯಾಟ್ ತಾಗಿಸಿದ ದಿನ ನಾನು ಬ್ಯಾಟ್ ಹಿಡಿದುಕೊಂಡೇ ಓಡಿದ್ದೆ. ಹೊಡೆದವನು ಮೊದಲು ಓಡಿ ಮುಟ್ಟಬೇಕಾದ ಗುರುತು ಒಂದನೇ ಬೇಸ್. ಅದರ ಹತ್ತಿರ ಬಂದಾಗ ಬಗ್ಗಿ, ಬ್ಯಾಟ್ ಮುಂದೆ ಚಾಚಿ, ನೆಲಕ್ಕೆ ಗೀರಿ ಬೇಸಿಗೆ ಮುಟ್ಟಿಸಿದೆ. ಕಣ್ಣೆತ್ತಿ ನೋಡಿದರೆ ಎದುರು ತಂಡ ಹೊಟ್ಟೆ ಹಿಡಿದು ನಗುತ್ತಿತ್ತು. ಇಲ್ಲಿ ಬ್ಯಾಟ್ ಮುಟ್ಟಿಸಿದರೆ ಏನೂ ಸಿಗುವುದಿಲ್ಲ, ಮೈ ಮುಟ್ಟಬೇಕು. ಅದೂ ಒಂದನೇ ಬೇಸಿನಲ್ಲಿ ಬಗ್ಗುವುದು ಬೇಡ, ನಿಲ್ಲುವುದೂ ಬೇಡ. ಪೂರ್ತಿ ವೇಗದಲ್ಲಿ ತುಳಿದು ದಾಟಿ ಹೋಗಿ ನೇರ ವಾಪಸ್ ಬಂದರೆ ಯಾರೂ ಔಟ್ ಮಾಡುವ ಹಾಗಿಲ್ಲ. ನಾನು ಬಗ್ಗುವಷ್ಟರಲ್ಲಿ ಚೆಂಡು ಬೇಸ್‌ಮನ್‌ನ ಗ್ಲೌಸಿನಲ್ಲಿತ್ತು.

ತಪ್ಪು ಪೂರ್ತಿ ನನ್ನದಲ್ಲ. ಕಾರವಾರದ ನಮ್ಮ ಕಾಲೇಜಿನ ಪಿ.ಡಿ. (ದೈಹಿಕ ಶಿಕ್ಷಣ) ಸರ್ ಅಂತರ ಕಾಲೇಜು ಪಂದ್ಯಕ್ಕೆ ಹದಿನೈದು ದಿನ ಇರುವಾಗ ಕ್ರಿಕೆಟ್ ಆಡುವ ಹುಡುಗರನ್ನು ಸಾಲಾಗಿ ನಿಲ್ಲಿಸಿ, "ಟಾಗೋರ್ ಬೀಚಲ್ಲಿ ಸಿಕ್ಸ್ ಹೊಡೀತೀರಲ್ಲ, ಇದೂ ಅದೇ" ಅಂದಿದ್ದರು. ಅದೇ ಅಲ್ಲ. ಇಳಿತದ ಹೊತ್ತಿಗೆ ಗಟ್ಟಿಯಾಗುವ ಮರಳಿನ ಮೇಲೆ ಹತ್ತು ವರ್ಷ ಟೆನಿಸ್ ಬಾಲ್ ಕ್ರಿಕೆಟ್ ಆಡಿ ಬೆಳೆದ ಕೈಗೆ ಅದು ಬೇರೆಯೇ ಆಟ ಅಂತ ಒಪ್ಪಿಸುವುದಕ್ಕೆ ನನಗೆ ಒಂದಿಡೀ ವರ್ಷ ಹಿಡಿಯಿತು.

ಕ್ರಿಕೆಟ್ ಆಡಿದವನ ಮೈಯೊಳಗೆ ಒಂದು ಹೆದರಿಕೆ ಕೂತಿರುತ್ತದೆ: ಹಿಂದೆ ಸ್ಟಂಪ್ ಇದೆ. ನೇರ ಬಂದ ಚೆಂಡಿಗೆ ಬ್ಯಾಟ್ ತಾನಾಗಿ ಅಡ್ಡ ಬರುತ್ತದೆ, ಯೋಚಿಸಬೇಕಾಗಿಲ್ಲ. ಬೇಸ್‌ಬಾಲಿನಲ್ಲಿ ಬೆನ್ನ ಹಿಂದೆ ಇರುವುದು ಕುಕ್ಕರಗಾಲಲ್ಲಿ ಕೂತ ಕ್ಯಾಚರ್ ಮತ್ತು ಅವನ ಹಿಂದೆ ಅಂಪೈರ್, ಅಷ್ಟೆ. ಒಳ್ಳೆಯ ಚೆಂಡನ್ನು ಬಿಟ್ಟರೆ ಒಂದು ಸ್ಟ್ರೈಕ್. ಇನ್ನೊಂದು ಬಿಟ್ಟರೆ ಎರಡು. ಮೂರನೆಯದಕ್ಕೆ ಮಾತ್ರ ಔಟ್. ಕೆಟ್ಟ ಚೆಂಡಿಗೆ ಬ್ಯಾಟ್ ಬೀಸದೆ ಬಿಟ್ಟರೆ ಅದಕ್ಕೆ 'ಬಾಲ್' ಅನ್ನುತ್ತಾರೆ. ಚೆಂಡಿಗೇ ಬಾಲ್ ಅನ್ನುವ ನಮಗೆ ಇದೊಂದು ಬೇರೆ ತಲೆನೋವು. ಅಂಥ ನಾಲ್ಕು ಬಾಲ್ ಕೂಡಿದರೆ ಹೊಡೆಯದೆಯೇ ಒಂದನೇ ಬೇಸಿಗೆ ನಡೆದು ಹೋಗಬಹುದು. ಅಂದರೆ ಮೊದಲ ಎರಡು ಸ್ಟ್ರೈಕಿನವರೆಗೆ ಕಾಪಾಡಿಕೊಳ್ಳುವುದು ಏನೂ ಇಲ್ಲ, ನನಗೆ ಬೇಕಾದ ಜಾಗಕ್ಕೆ ಬಂದ ಚೆಂಡನ್ನು ಮಾತ್ರ ಹೊಡೆಯಬಹುದು. ಲೆಕ್ಕ ಮೊದಲ ದಿನವೇ ತಲೆಗೆ ಹೋಯಿತು. ಕೈ ಮಾತ್ರ ಕೇಳಲಿಲ್ಲ. ಮೊಣಕಾಲ ಕೆಳಗೆ ಬಂದದ್ದಕ್ಕೂ ಬೀಸುತ್ತಿದ್ದೆ, ಯಾರ್ಕರ್ ಅಂತ ಅದಕ್ಕೆ ಅನ್ನಿಸುತ್ತಿತ್ತು.

ಹಾಗಾಗಿ ಮೊದಲು ಕಲಿತದ್ದು ಹೊಡೆಯುವುದನ್ನಲ್ಲ, ನೋಡುವುದನ್ನು. ಮೀನು ತುಂಬುವ ಥರ್ಮಾಕೋಲ್ ಪೆಟ್ಟಿಗೆಯ ಮುಚ್ಚಳವನ್ನು ಐದು ಮೂಲೆ ಬರುವಂತೆ ಕತ್ತರಿಸಿ, ಬ್ಯಾಟರ್ ಪಕ್ಕದಲ್ಲಿ ನೆಲದ ಮೇಲಿರುವ ಹೋಮ್ ಪ್ಲೇಟ್ ಮಾಡಿದೆ. ಅದರ ಅಗಲ 17 ಇಂಚು. ಕ್ರಿಕೆಟ್ಟಿನ ಮೂರೂ ಸ್ಟಂಪ್ ಸೇರಿ 9 ಇಂಚು, ಅಂದರೆ ಇದು ಹೆಚ್ಚುಕಡಿಮೆ ಎರಡು ಪಟ್ಟು. ಬ್ಯಾಟೋ, ಅಲ್ಲಿ 4.25 ಇಂಚು ಅಗಲದ ಹಲಗೆ. ಇಲ್ಲಿ ದುಂಡನೆಯ ಕೋಲು, ದಪ್ಪಗಿರುವ ಕಡೆಯೂ 2.61 ಇಂಚು ದಾಟುವ ಹಾಗಿಲ್ಲ. ಪ್ಲೇಟಿನ ಮೇಲೆ, ಕೆಳಗೆ ಮೊಣಕಾಲ ಚಿಪ್ಪಿನ ಬುಡದಿಂದ, ಮೇಲೆ ಹೆಗಲಿಗೂ ಪ್ಯಾಂಟಿನ ಪಟ್ಟಿಗೂ ನಡುಮಧ್ಯದವರೆಗೆ ಇರುವ ಗಾಳಿಯ ಪೆಟ್ಟಿಗೆಯೇ ಸ್ಟ್ರೈಕ್ ಜೋನ್. ಚೆಂಡು ಅದರ ಅಂಚಿಗೆ ಸವರಿ ಹೋದರೂ ಸ್ಟ್ರೈಕ್. ಬೀಚಿನ ಎರಡು ಗಾಳಿಮರಗಳ ನಡುವೆ ಆ ಎತ್ತರಕ್ಕೆ ಸರಿಯಾಗಿ ಎರಡು ಹುರಿಹಗ್ಗ ಕಟ್ಟಿದೆ. ಗೆಳೆಯ ಎಸೆಯುತ್ತಿದ್ದ. ನಾನು ಬ್ಯಾಟ್ ಹೆಗಲ ಮೇಲಿಟ್ಟುಕೊಂಡು ನಿಂತು, ಚೆಂಡು ದಾಟುವ ಮೊದಲೇ "ಒಳಗೆ", "ಹೊರಗೆ" ಅಂತ ಕೂಗುತ್ತಿದ್ದೆ. ಬೀಸುವ ಹಾಗೇ ಇಲ್ಲ. ಸಂಜೆ ವಾಕಿಂಗಿಗೆ ಬಂದವರು ನಮ್ಮನ್ನು ಹೇಗೆ ನೋಡುತ್ತಿದ್ದರು ಅಂತ ಹೇಳಬೇಕಾಗಿಲ್ಲ. ಎರಡು ತಿಂಗಳಾದ ಮೇಲೆ ಕೂಗು ಹತ್ತಕ್ಕೆ ಏಳು ಸಲ ಸರಿಬರಲು ಶುರುವಾಯಿತು.

ದೊಡ್ಡ ಲೀಗುಗಳಲ್ಲಿ ಪಿಚರ್, ಅಂದರೆ ಚೆಂಡು ಎಸೆಯುವವನು, ನಿಲ್ಲುವುದು 60 ಅಡಿ 6 ಇಂಚು ದೂರದಲ್ಲಿ, 10 ಇಂಚು ಎತ್ತರದ ದಿಬ್ಬದ ಮೇಲೆ. ಗಂಟೆಗೆ 145 ಕಿ.ಮೀ. ವೇಗದ ಚೆಂಡು ಪ್ಲೇಟಿಗೆ ಬರಲು ಸುಮಾರು 0.4 ಸೆಕೆಂಡು ಸಾಕು. ನಮ್ಮ ಪಿಚರುಗಳು ಅದರ ಹತ್ತಿರಕ್ಕೂ ಬರುವವರಲ್ಲ, ಆದರೂ ಯೋಚಿಸುತ್ತ ನಿಲ್ಲಲು ಹೊತ್ತಿರುವುದಿಲ್ಲ. 1941ರಲ್ಲಿ 0.406 ಸರಾಸರಿಯಲ್ಲಿ, ಅಂದರೆ ಹತ್ತಕ್ಕೆ ನಾಲ್ಕು ಸಲ ಹೊಡೆದು ಬೇಸ್ ಮುಟ್ಟಿದ ಅಮೆರಿಕದ ಆಟಗಾರ ಟೆಡ್ ವಿಲಿಯಮ್ಸ್ ಅದೇ ವರ್ಷ 147 ಸಲ ನಾಲ್ಕು ಬಾಲ್ ಸಂಪಾದಿಸಿ ಬೇಸಿಗೆ ನಡೆದು ಹೋಗಿದ್ದ. ನನಗೆ ಮೊದಲ ಸಂಖ್ಯೆಗಿಂತ ಎರಡನೆಯದೇ ದೊಡ್ಡದಾಗಿ ಕಾಣುತ್ತದೆ.

ಇನ್ನು ಎರಡು ಸ್ಟ್ರೈಕ್ ಬಿದ್ದವು ಅನ್ನಿ. ಆಗ ಬೆನ್ನ ಹಿಂದೆ ಸ್ಟಂಪ್ ಹುಟ್ಟುತ್ತದೆ. ಆ ಗಳಿಗೆಯಲ್ಲಿ ನನ್ನ ಹಳೆ ಹೆದರಿಕೆ ಮೊದಲ ಸಲ ಉಪಯೋಗಕ್ಕೆ ಬಂತು. ಎರಡು ಫೌಲ್ ಗೆರೆಗಳ ನಡುವೆ 90 ಡಿಗ್ರಿ ಮಾತ್ರ ಆಟದ ಜಾಗ. ಲೇಟ್ ಕಟ್, ಗ್ಲಾನ್ಸ್ ಎಲ್ಲ ಇಲ್ಲಿ ಫೌಲ್. ಎರಡು ಸ್ಟ್ರೈಕ್ ಆಗುವವರೆಗೆ ಫೌಲ್ ಕೂಡ ಸ್ಟ್ರೈಕಿನ ಲೆಕ್ಕಕ್ಕೆ ಸೇರುತ್ತದೆ. ಎರಡು ಸ್ಟ್ರೈಕ್ ಆದಮೇಲೆ ಎಷ್ಟು ಫೌಲ್ ಹೊಡೆದರೂ, ಯಾರೂ ಕ್ಯಾಚ್ ಹಿಡಿಯದಿದ್ದರೆ, ಜೀವ ಇರುತ್ತದೆ. ಅಂಚಿನ ಚೆಂಡನ್ನು ಸುಮ್ಮನೆ ತಾಗಿಸಿ ಪಕ್ಕಕ್ಕೆ ತಳ್ಳುವುದು ಕ್ರಿಕೆಟ್ಟಿನವನಿಗೆ ನೀರು ಕುಡಿದಷ್ಟು ಸುಲಭ. ಈಗಲೂ ನಾನು ಎರಡು ಸ್ಟ್ರೈಕ್ ಆದಮೇಲೆ ಬ್ಯಾಟನ್ನು ಹಿಡಿಯ ಬುಡದಿಂದ ಎರಡು ಬೆರಳು ಮೇಲೆ ಹಿಡಿದು, ಬೀಸನ್ನು ಗಿಡ್ಡ ಮಾಡಿಕೊಳ್ಳುತ್ತೇನೆ. ಎರಡು ಕಡೆ ಮಾತ್ರ ಹುಷಾರು. ಬ್ಯಾಟಿಗೆ ಸವರಿದ ಚೆಂಡು ನೇರ ಕ್ಯಾಚರ್ ಕೈಗೆ ಹೋಗಿ ಅವನು ಹಿಡಿದರೆ ಅದು ಮೂರನೇ ಸ್ಟ್ರೈಕ್. ಮತ್ತೆ ಬಂಟ್. ಬ್ಯಾಟನ್ನು ಅಡ್ಡ ಹಿಡಿದು ಚೆಂಡನ್ನು ಮೆಲ್ಲಗೆ ನೆಲಕ್ಕೆ ಇಳಿಸುವ ಆ ಕೆಲಸದಲ್ಲಿ ನಾನು ತಂಡಕ್ಕೇ ನಿಸ್ಸೀಮ ಅಂತ ಬೀಗುತ್ತಿದ್ದೆ. ಎರಡು ಸ್ಟ್ರೈಕ್ ಇರುವಾಗ ಬಂಟ್ ಫೌಲ್ ಆದರೆ ಔಟ್ ಅನ್ನುವುದು ಗೊತ್ತಾದದ್ದು ಔಟಾದ ಮೇಲೆಯೇ.

ನೋಡುವುದು ಬಂತು, ಕಾಯುವುದು ಬಂತು. ಹೊಡೆತ ಬರಲಿಲ್ಲ. ನನ್ನ ಹೊಡೆತವೆಲ್ಲ ತೋಳಿನದ್ದು. ಮೇಲಿನ ಮೊಣಕೈ ಎತ್ತಿ, ಬ್ಯಾಟನ್ನು ನೆಟ್ಟಗೆ ತರುವ ಕ್ರಿಕೆಟ್ ಬೀಸು. ಚೆಂಡು ತಾಗಿದರೂ ಜೀವವಿಲ್ಲದೆ ಪಿಚರ್ ಕಾಲಬುಡಕ್ಕೆ ಉರುಳುತ್ತಿತ್ತು.

ಅದನ್ನು ಸರಿ ಮಾಡಿದ್ದು ನನ್ನ ಮಾಮ. ಅವನಿಗೆ ಬೇಸ್‌ಬಾಲ್ ಅಂದರೆ ಏನೆಂದೇ ಗೊತ್ತಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ 61 ದಿನ ರಜೆ ತಾನೆ. ಬೈತಖೋಲದಲ್ಲಿ ಟ್ರಾಲರ್ ಮೇಲೆ ದುಡಿಯುವ ಮಾಮ ಆ ದಿನಗಳಲ್ಲಿ ಕೋಡಿಬಾಗದ ಕಡೆ ಕಾಳಿ ನದಿಯ ಅಳಿವೆಯಲ್ಲಿ ಬೀಸುಬಲೆ ಹಾಕುತ್ತಾನೆ. ಮಳೆ ಬಿಟ್ಟ ಒಂದು ಬೆಳಿಗ್ಗೆ ನಾನು ಮೀನಿನ ಬುಟ್ಟಿ ಹಿಡಿದು ದಂಡೆಯಲ್ಲಿ ನಿಂತಿದ್ದೆ. ಅವನು ಹಗ್ಗವನ್ನು ಎಡ ಮಣಿಕಟ್ಟಿಗೆ ಸುತ್ತಿ, ಒಂದಷ್ಟು ಬಲೆ ಮೊಣಕೈಗೆ ಹಾಕಿ, ಸೀಸದ ಮಣಿ ಇರುವ ಅಂಚನ್ನು ಹಲ್ಲಲ್ಲಿ ಕಚ್ಚಿ, ನೀರಿಗೆ ಅರ್ಧ ಬೆನ್ನು ಹಾಕಿ ನಿಂತ. ಭಾರವೆಲ್ಲ ಬಲಗಾಲ ಮೇಲೆ. ಎಡಗಾಲು ಗೇಣುದ್ದ ಮುಂದೆ ಹೋಗಿ ಮೆತ್ತಗೆ ಊರಿತು. ಮೊದಲು ಸೊಂಟ ತಿರುಗಿತು. ಹೆಗಲು ಅದರ ಹಿಂದೆ ಬಂತು. ಕೈ ಕಟ್ಟಕಡೆಗೆ. ಬಲೆ ಗಾಳಿಯಲ್ಲಿ ಬಿಚ್ಚಿಕೊಂಡು ದುಂಡಗೆ ನೀರಿಗೆ ಬಿತ್ತು.

ನಾನು ಹಾಕಿದರೆ ಮುದ್ದೆಯಾಗಿ ಬಿತ್ತು. "ಕೈಯಿಂದ ಬೀಸಿದ್ರೆ ಉಂಡೆಯಾಗಿಯೇ ಬೀಳ್ತದೆ ಮಾರಾಯಾ," ಅಂದ ಮಾಮ. "ಸೊಂಟ ತಿರುಗ್ಲಿ ಮೊದ್ಲು. ಕೈ ಎಲ್ಲಿಗೆ ಹೋಗ್ತದೆ, ಹಿಂದೆ ಬಂದೇ ಬರ್ತದೆ."

ಆ ಮಳೆಗಾಲ ಬೀಸುಬಲೆ ಹಾಕುವುದನ್ನೇ ಕಲಿತೆ. ಮಧ್ಯಾಹ್ನ ಮನೆ ಹಿಂದಿನ ಶೆಡ್ಡಿನಲ್ಲಿ ಬ್ಯಾಟ್. ಪೇಂಟಿನ ಖಾಲಿ ಡಬ್ಬಕ್ಕೆ ಸಿಮೆಂಟು ತುಂಬಿ, ನಡುವೆ ಪಿವಿಸಿ ಪೈಪ್ ನೆಟ್ಟು, ಮೇಲೆ ಸೈಕಲ್ ಟ್ಯೂಬಿನ ತುಂಡು ಸಿಕ್ಕಿಸಿ, ಚೆಂಡು ಇಡುವ 'ಟೀ' ಅನ್ನುವ ಕಂಬ ಮಾಡಿಕೊಂಡಿದ್ದೆ. ಅದರ ಮೇಲೆ ಚೆಂಡಿಟ್ಟು ಎದುರಿಗೆ ತೂಗುಹಾಕಿದ ಹರಕು ಬಲೆಗೆ ಹೊಡೆಯುವುದು, ದಿನಕ್ಕೆ ನೂರು. ಹಿಡಿತ ಅಂಗೈಯಲ್ಲಿ ಅಲ್ಲ, ಬೆರಳುಗಳಲ್ಲಿ. ಬಾಗಿಲು ಬಡಿಯುವಾಗ ತಾಗುವ ಗಂಟುಗಳು ಎರಡೂ ಕೈಯವು ಒಂದೇ ಸಾಲಿಗೆ ಬರಬೇಕು. ಮುಂದಿನ ಕಾಲು ಊರುವಾಗ ಭಾರ ಪೂರ್ತಿ ಅದರ ಮೇಲೆ ಸುರಿಯಬಾರದು, ಕ್ರಿಕೆಟ್ಟಿನ ಫ್ರಂಟ್‌ಫುಟ್ ಡ್ರೈವ್ ಇಲ್ಲಿ ಶತ್ರು. ಸೊಂಟ ತಿರುಗಿತೋ ಇಲ್ಲವೋ ಅಂತ ತಿಳಿಯಲು ಹಿಂಗಾಲು ನೋಡಿಕೊಳ್ಳುತ್ತಿದ್ದೆ: ತುದಿಗಾಲಲ್ಲಿ ಬೀಡಿ ತುಂಡು ಹೊಸಕಿದ ಹಾಗೆ ತಿರುಗಿ, ಹಿಮ್ಮಡಿ ಎದ್ದಿರಬೇಕು. ಇನ್ನೊಂದು ಗುಟ್ಟು ಚೆಂಡು ತಾಗುವ ಜಾಗ. ಮೈ ಹತ್ತಿರ ಬಂದದ್ದನ್ನು ಪ್ಲೇಟಿಗಿಂತ ಮುಂದೆಯೇ ಹಿಡಿಯಬೇಕು. ದೂರದ ಅಂಚಿಗೆ ಬಂದದ್ದನ್ನು ಒಳಗೆ ಬರಲು ಬಿಟ್ಟು, ಬಲಗಡೆ ಮೈದಾನಕ್ಕೆ ಕಳಿಸಬೇಕು. ದುಂಡು ಬ್ಯಾಟಿಗೆ ದುಂಡು ಚೆಂಡು. ಕೂದಲೆಳೆಯಷ್ಟು ಕೆಳಗೆ ತಾಗಿದರೂ ಚೆಂಡು ಆಕಾಶಕ್ಕೆ, ಮೇಲೆ ತಾಗಿದರೆ ನೆಲಕ್ಕೆ. ಆಗಸ್ಟ್ ಹೊತ್ತಿಗೆ ಬಲೆಗೆ ಬೀಳುವ ಚೆಂಡಿನ ಸದ್ದೇ ಬದಲಾಗಿತ್ತು. ಅಮ್ಮನಿಗೆ ಆ ಸದ್ದು ಹಿಡಿಸಲಿಲ್ಲ, ಅದು ಬೇರೆ ಮಾತು.

ಮರುವರ್ಷದ ಪಂದ್ಯದಲ್ಲಿ ನಾನು ಹೊಡೆದ ಅತಿ ಉದ್ದದ ಹೊಡೆತ ಲೆಕ್ಕಕ್ಕೇ ಬರಲಿಲ್ಲ. ನಿಧಾನದ ಚೆಂಡು ಕಂಡು ಸ್ಪಿನ್ನರ್ ಅಂದುಕೊಂಡ ಕಾಲು ತಾನಾಗಿ ಮುಂದೆ ನುಗ್ಗಿತು. ಬ್ಯಾಟರ್ ನಿಲ್ಲುವ ಚೌಕ 4 ಅಡಿ ಅಗಲ, 6 ಅಡಿ ಉದ್ದ. ಚೆಂಡು ತಾಗುವಾಗ ಒಂದು ಪಾದ ಪೂರ್ತಿಯಾಗಿ ಗೆರೆಯ ಹೊರಗೆ ನೆಲದಲ್ಲಿದ್ದರೂ ಔಟ್. ಗೆರೆ ತುಳಿದಿದ್ದರೆ ಬಚಾವಾಗುತ್ತಿದ್ದೆ, ನಾನು ದಾಟಿದ್ದೆ. ಚೆಂಡು ಬೇಲಿಯಾಚೆ ಹೋಗಿ ಬಿದ್ದದ್ದನ್ನು ಎಲ್ಲರೂ ನೋಡಿದರು, ಅಂಪೈರ್ ನನ್ನ ಶೂಸ್ ಗುರುತು ನೋಡಿದರು.

ಇನ್ನೊಂದು ಸಲ ಮೂರನೇ ಸ್ಟ್ರೈಕಿಗೆ ಬೀಸಿ ತಪ್ಪಿ, ತಲೆತಗ್ಗಿಸಿ ಬೆಂಚಿನ ಕಡೆ ಹೊರಟೆ. ಹಿಂದಿನಿಂದ "ಓಡೋ, ಓಡೋ!" ಅಂತ ಕೂಗು. ಕ್ಯಾಚರ್ ಚೆಂಡು ಕೈಚೆಲ್ಲಿದ್ದ. ಒಂದನೇ ಬೇಸ್ ಖಾಲಿ ಇದ್ದರೆ, ಅಥವಾ ಆಗಲೇ ಇಬ್ಬರು ಔಟಾಗಿದ್ದರೆ, ಅಂಥ ಹೊತ್ತಿನಲ್ಲಿ ಬ್ಯಾಟರ್ ಓಡಬಹುದು. ನನಗೆ ತಿಳಿಯುವಷ್ಟರಲ್ಲಿ ಬೆಂಚಿನ ಮೇಲೆ ಕೂತಾಗಿತ್ತು.

ಕಡೆಯ ಪಂದ್ಯದಲ್ಲಿ ಎರಡು ಸ್ಟ್ರೈಕ್, ಒಂದು ಬಾಲ್ ಇದ್ದಾಗ ಮಾಮನ ನೆನಪಾಯಿತು ಅಂದರೆ ಸುಳ್ಳಾಗುತ್ತದೆ. ಏನೂ ನೆನಪಾಗಲಿಲ್ಲ. ಹೊರಗಿನ ಒಂದನ್ನು ಬಿಟ್ಟೆ. ಅಂಚಿನ ನಾಲ್ಕನ್ನು ಒಂದರ ಹಿಂದೊಂದು ಫೌಲ್ ಹೊಡೆದೆ. ಮತ್ತೊಂದು ಎತ್ತರ ಹೋಯಿತು, ಬಿಟ್ಟೆ. ಮೂರು ಬಾಲ್, ಎರಡು ಸ್ಟ್ರೈಕ್. ಮುಂದಿನದು ಮೊಣಕಾಲ ಹತ್ತಿರ ಬಂದು ಕೊನೆಯಲ್ಲಿ ಇಳಿಯಿತು. ಕೈ ನಡುಗಿತು, ಬ್ಯಾಟ್ ಹೆಗಲು ಬಿಡಲಿಲ್ಲ. ಅಂಪೈರ್ ಒಂದು ಗಳಿಗೆ ಸುಮ್ಮನಿದ್ದು, "ಬಾಲ್" ಅಂದರು.

ಬ್ಯಾಟನ್ನು ಪ್ಲೇಟಿನ ಪಕ್ಕ ನೆಲಕ್ಕಿಟ್ಟು ನಡೆದೆ. ರಾತ್ರಿ ಮನೆಯಲ್ಲಿ ಮಾಮ ಎಲ್ಲ ಕೇಳಿ, "ಹೊಡಿಲಿಲ್ಲ, ಓಡಲಿಲ್ಲ, ಮತ್ತೆ ಅಷ್ಟು ಬೆವರು ಯಾಕೆ ಬಂತೋ ನಿಂಗೆ?" ಅಂದ.