ಹೊಸ ಜೀರುಂಡೆ ಕುಲವನ್ನು ವಿವರಿಸುವ ಕ್ರಮ

ಸುಮಾರು ನಾಲ್ಕು ಲಕ್ಷ ಪ್ರಭೇದಗಳು ಹೆಸರು ಪಡೆದಿರುವ ಜೀರುಂಡೆಗಳ ಗಣದಲ್ಲಿ ಹೊಸ ಪ್ರಭೇದ ಸಿಗುವುದು ಅಪರೂಪವಲ್ಲ. ಹೊಸ ಕುಲವನ್ನು ಸ್ಥಾಪಿಸುವುದು ಮಾತ್ರ ಬೇರೆಯೇ ಹೊಣೆ. ಕೈಯಲ್ಲಿರುವ ಕೀಟ ವಿಚಿತ್ರವಾಗಿದೆ ಎಂದರೆ ಸಾಲದು. ಅದು ಗೊತ್ತಿರುವ ಯಾವ ಕುಲದಲ್ಲೂ ಸೇರುವುದಿಲ್ಲ ಎಂಬುದನ್ನೂ, ಅದನ್ನು ಪ್ರತ್ಯೇಕಿಸಿದ ಮೇಲೆ ಹಳೆಯ ಕುಲದಲ್ಲಿ ಉಳಿಯುವ ಪ್ರಭೇದಗಳು ಒಂದೇ ಮೂಲದ ಗುಂಪಾಗಿಯೇ ಇರುತ್ತವೆ ಎಂಬುದನ್ನೂ ತೋರಿಸಬೇಕು. ಆದಕಾರಣ ಬರವಣಿಗೆಗೆ ಮೊದಲು ಹತ್ತಿರದ ಕುಲಗಳ ಟೈಪ್ ಪ್ರಭೇದಗಳನ್ನು (ಕುಲದ ಹೆಸರಿಗೆ ಆಧಾರವಾದ ಪ್ರಭೇದಗಳನ್ನು) ಸೂಕ್ಷ್ಮದರ್ಶಕದ ಕೆಳಗೆ ಒಂದೊಂದಾಗಿ ಹೋಲಿಸಿ ನೋಡಿ.

ಅಂಗರಚನೆಯನ್ನು ತಲೆಯಿಂದ ಹಿಂದಕ್ಕೆ ಒಂದೇ ಕ್ರಮದಲ್ಲಿ ದಾಖಲಿಸುವುದು ರೂಢಿ. ತಲೆಯಲ್ಲಿ ಕಣ್ಣು, ದವಡೆ ಮತ್ತು ಕುಡಿಮೀಸೆಗಳನ್ನು ಗಮನಿಸಿ. ಕುಡಿಮೀಸೆಯಲ್ಲಿ ಸಾಮಾನ್ಯವಾಗಿ 11 ಖಂಡಗಳಿರುತ್ತವೆ, ಕಡಿಮೆಯಿದ್ದರೆ ಅದನ್ನು ಸ್ಪಷ್ಟವಾಗಿ ಬರೆಯಿರಿ. ಬಳಿಕ ಎದೆಯ ಮೇಲಿನ ಫಲಕವಾದ ಪ್ರೊನೋಟಮ್, ಗಡಸು ಮುಂರೆಕ್ಕೆಗಳಾದ ಎಲಿಟ್ರಾ. ಬೆನ್ನಿನ ಚೆಲುವಿಗೆ ಮರುಳಾಗಿ ಹೊಟ್ಟೆಯ ಬದಿಯನ್ನು ಎರಡು ಸಾಲುಗಳಲ್ಲಿ ಮುಗಿಸಿಬಿಡುವ ವಿವರಣೆಗಳೇ ಮುಂದಿನವರನ್ನು ಹೆಚ್ಚು ಕಾಡುತ್ತವೆ ಎಂಬುದು ನನ್ನ ಅಭಿಪ್ರಾಯ. ಮುಂಗಾಲಿನ ಬುಡ ಕೂರುವ ಗುಳಿ ಹಿಂಬದಿಯಲ್ಲಿ ತೆರೆದಿದೆಯೇ ಮುಚ್ಚಿದೆಯೇ, ಹಿಂಗಾಲಿನ ಬುಡದ ಖಂಡವು ಉದರದ ಮೊದಲ ಫಲಕವನ್ನು ಪೂರ್ತಿಯಾಗಿ ಸೀಳಿದೆಯೇ ಎಂಬವು ಅಲ್ಲೇ ಕಾಣುತ್ತವೆ. ಈ ಎರಡನೆಯದು ಅಡೆಫಾಗ ಉಪಗಣದ ಗುರುತು. ಪಾದದ ಖಂಡಗಳನ್ನು ಮೂರೂ ಜೊತೆ ಕಾಲುಗಳಲ್ಲಿ ಎಣಿಸಿ. ಟೆನೆಬ್ರಿಯೊನಿಡೇ ಕುಟುಂಬದಲ್ಲಿ ಅದು ಮುಂಗಾಲಿನಿಂದ ಹಿಂಗಾಲಿನವರೆಗೆ ಸಾಮಾನ್ಯವಾಗಿ 5-5-4. ಎಲೆ ತಿನ್ನುವ ಕ್ರೈಸೊಮೆಲಿಡೇಗಳಲ್ಲಿ ಇಬ್ಭಾಗವಾದ ಮೂರನೆಯ ಖಂಡದ ನಡುವೆ ಪುಟ್ಟ ನಾಲ್ಕನೆಯದು ಅಡಗಿರುವುದರಿಂದ, ಐದು ಇದ್ದರೂ ನಾಲ್ಕೇ ಎಂಬ ಭ್ರಮೆಯಾಗುತ್ತದೆ.

ಗಂಡಿನ ಜನನಾಂಗವನ್ನು ಬಿಡಿಸಿ ನೋಡದೆ ಕೆಲಸ ಮುಗಿಯದು. ಒಣಗಿದ ಮಾದರಿಯನ್ನು ಬಿಸಿನೀರಿನಲ್ಲಿ ಮೆದುವಾಗಿಸಿ, ಉದರವನ್ನು ಬೇರ್ಪಡಿಸಿ, ಶೇಕಡಾ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿಟ್ಟು ಸ್ನಾಯುಗಳನ್ನು ಕರಗಿಸಿ. ನಡುವಿನ ಹಾಲೆಯನ್ನೂ ಅದರ ಪಕ್ಕದ ಹಾಲೆಗಳಾದ ಪ್ಯಾರಾಮಿಯರ್‌ಗಳನ್ನೂ ಮೇಲಿನಿಂದ ಮತ್ತು ಪಕ್ಕದಿಂದ ಚಿತ್ರಿಸಿ, ಆ ಭಾಗಗಳನ್ನು ಗ್ಲಿಸರಿನ್ ತುಂಬಿದ ಕಿರುಸೀಸೆಯಲ್ಲಿ ಹಾಕಿ, ಮಾದರಿಯನ್ನು ಚುಚ್ಚಿರುವ ಸೂಜಿಗೇ ಚುಚ್ಚಿಡಿ.

ಈಗ ಭೇದಸೂಚಕ ಟಿಪ್ಪಣಿ. ಇದು ಪೂರ್ಣ ವಿವರಣೆಯ ಸಂಕ್ಷೇಪವಲ್ಲ. ಹೋಲುವ ಕುಲಗಳನ್ನು ಹೆಸರಿಸಿ, ಪ್ರತಿಯೊಂದರಿಂದಲೂ ಯಾವ ಲಕ್ಷಣದಲ್ಲಿ ಬೇರೆ ಎಂದು ಹೇಳುವ ಭಾಗ. “ಪ್ರೊನೋಟಮ್ ಅಗಲವಾಗಿದೆ” ಎಂಬುದನ್ನು ಯಾರೂ ಪರೀಕ್ಷಿಸಲಾರರು, “ಅಗಲವು ಉದ್ದದ 1.4 ಪಟ್ಟು, ಅತಿ ಅಗಲ ಬುಡದ ಸಮೀಪ” ಎಂದರೆ ಮಾದರಿ ಕಾಣದವರೂ ಅಳೆದು ಹೋಲಿಸಬಹುದು. ಬಣ್ಣ, ಗಾತ್ರಗಳು ಒಂದೇ ಪ್ರಭೇದದೊಳಗೂ ಬದಲಾಗುವುದರಿಂದ ಅವುಗಳ ಮೇಲೆ ಕುಲವನ್ನು ನಿಲ್ಲಿಸಬೇಡಿ.

ಪ್ರಾಣಿನಾಮಕರಣದ ಅಂತರರಾಷ್ಟ್ರೀಯ ಸಂಹಿತೆಯಂತೆ 1930ರ ನಂತರದ ಕುಲನಾಮಕ್ಕೆ ಟೈಪ್ ಪ್ರಭೇದವನ್ನು ಗೊತ್ತುಪಡಿಸುವುದು ಕಡ್ಡಾಯ. ಆ ಪ್ರಭೇದವೂ ಹೊಸದಾಗಿದ್ದರೆ ಹೋಲೋಟೈಪ್ (ಆ ಪ್ರಭೇದದ ಹೆಸರಿಗೆ ಆಧಾರವಾದ ಒಂದೇ ಮಾದರಿ) ಯಾವುದು, ಯಾವ ಸಂಗ್ರಹಾಲಯದಲ್ಲಿದೆ ಎಂದು ತಿಳಿಸಿ. ವಿದ್ಯುನ್ಮಾನ ರೂಪದಲ್ಲಷ್ಟೇ ಪ್ರಕಟವಾಗುವ ಲೇಖನವನ್ನು ಪ್ರಕಟಣೆಗೆ ಮೊದಲೇ ಪ್ರಾಣಿನಾಮಗಳ ಅಧಿಕೃತ ನೋಂದಣಿ ತಾಣವಾದ ಝೂಬ್ಯಾಂಕ್‌ನಲ್ಲಿ ನೋಂದಾಯಿಸಬೇಕು. ಆರಿಸಿದ ಹೆಸರು ಬೇರಾವ ಪ್ರಾಣಿಕುಲಕ್ಕೂ ಇರಕೂಡದು, ಸಸ್ಯಕುಲಕ್ಕಿದ್ದರೆ ಅಡ್ಡಿಯಿಲ್ಲ. ಹೆಸರಿನ ವ್ಯಾಕರಣಲಿಂಗವನ್ನೂ ನಮೂದಿಸಿ, ಏಕೆಂದರೆ ಮುಂದೆ ಆ ಕುಲಕ್ಕೆ ಸೇರುವ ಪ್ರಭೇದಗಳ ಲ್ಯಾಟಿನ್ ಗುಣವಾಚಕಗಳ ಅಂತ್ಯವನ್ನು ಅದೇ ನಿರ್ಧರಿಸುತ್ತದೆ.