ಹುಲ್ಲು ಯಾವ ಕಡೆ ಮಲಗಿದೆ, ಮೊದಲು ನೋಡಿ

ಹೋದ ಮೇ ತಿಂಗಳಲ್ಲಿ ಮೊಮ್ಮಗ ಅಂಗಳದ ಪ್ಲಾಸ್ಟಿಕ್ ಹುಲ್ಲು ಸುಟ್ಟ ಕಡೆ ತೇಪೆ ಹಾಕಿದ. ಅದೂ ಕಲಬುರಗಿಯ ಮಟಮಟ ಮಧ್ಯಾಹ್ನ, ತಲೆಗೊಂದು ಟವೆಲ್ ಸುತ್ತಿಕೊಂಡು. ಅಡುಗೆಮನೆಯ ಕತ್ತರಿ ತಗೊಂಡು ಮೇಲಿನಿಂದಲೇ ಕರಕರ ಕತ್ತರಿಸಿದ. ಅಂಗಡಿಯಿಂದ ಹೊಸ ತುಂಡು ತಂದು, ಮರಕ್ಕೆ ಹಚ್ಚುವ ಬಿಳಿ ಗೋಂದು ಬಳಿದು ಅಂಟಿಸಿ, "ಆಯಿ, ಆಯ್ತು ನೋಡು" ಅಂದ. ಏನು ನೋಡುವುದು? ಲಕೋಟೆ ಮೇಲೆ ಅಂಚೆ ಚೀಟಿ ಅಂಟಿಸಿದ ಹಾಗಿತ್ತು. ಮೊದಲ ಮಳೆಗೇ ಗೋಂದು ಬಿಟ್ಟು ತುಂಡು ಎದ್ದು ಕೂತಿತು. ಈಗ ಪಕ್ಕದ ಮನೆಯ ಹುಡುಗರೂ ಅದೇ ಕತ್ತರಿ ಹಿಡಿದು ಹೊರಟಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸುಟ್ಟದ್ದು ಯಾತರಿಂದ ಅಂತ ಹುಡುಕಿ. ದೀಪಾವಳಿಯ ಭೂಚಕ್ರದ್ದು ದುಂಡಗೆ, ಕಪ್ಪಗೆ ಇರುತ್ತದೆ. ಉದ್ದಕ್ಕೆ ಪಟ್ಟಿ ಬಳಿದ ಹಾಗೆ ಎಳೆಗಳು ಸುರುಟಿಕೊಂಡಿದ್ದರೆ ತಲೆ ಎತ್ತಿ ಕಿಟಕಿ ನೋಡಿ. ಈಗಿನ ಮನೆಗಳಿಗೆ ಕನ್ನಡಿಯಂತೆ ಹೊಳೆಯುವ ಗಾಜು ಹಾಕಿಸುತ್ತಾರಲ್ಲ, ಅದು ಬಿಸಿಲನ್ನು ಒಟ್ಟುಮಾಡಿ ಕೆಳಗೆ ಎಸೆಯುತ್ತದೆ. ಹುಲ್ಲಿನ ಎಳೆ ಕರಗುವುದು 120 ಡಿಗ್ರಿಯ ಆಸುಪಾಸಿಗೆ ಅಂತ ಅಳಿಯ ಹೇಳುತ್ತಾನೆ. ಬರೀ ನಮ್ಮ ಬಿಸಿಲಿಗೇ ಹಾಸು 60 ದಾಟಿ ಕಾದಿರುತ್ತದೆ, ಅದರ ಮೇಲೆ ಗಾಜಿನ ಬಿಸಿಲೂ ಬಿದ್ದರೆ ಹುಲ್ಲು ಉಳಿಯುತ್ತದೆಯೇ? ಒಳಗೆ ಕರ್ಟನ್ ಎಳೆದರೆ ಏನೂ ಉಪಯೋಗವಿಲ್ಲ, ಬಿಸಿಲು ಪುಟಿಯುವುದು ಗಾಜಿನಿಂದಲೇ. ಹೊರಗಿನಿಂದ ಚಾಪೆಯನ್ನೋ ಲಾವಂಚದ ತಟ್ಟಿಯನ್ನೋ ಇಳಿಬಿಡಿ. ಇದನ್ನು ಮಾಡದೆ ತೇಪೆ ಹಾಕಿದರೆ ಮುಂದಿನ ಬೇಸಿಗೆಗೆ ಆ ತೇಪೆಯೂ ಸುಡುತ್ತದೆ.

ಕೆಲಸ ಬೆಳಗಿನ ಜಾವವೇ ಆಗಬೇಕು. ಮಧ್ಯಾಹ್ನ ಹಾಸು ಕಾದು ಹಿಗ್ಗಿರುತ್ತದೆ. ಆಗ ಅಳತೆಗೆ ಸರಿಯಾಗಿ ಕೂರಿಸಿದ್ದು ರಾತ್ರಿ ಕುಗ್ಗಿದಾಗ ಬಾಯಿ ಬಿಡುತ್ತದೆ. ಗೋಂದೂ ಹಚ್ಚುತ್ತಿದ್ದಂತೆ ಕೆನೆಗಟ್ಟುತ್ತದೆ.

ಇನ್ನು ತೇಪೆಯ ತುಂಡು. ಸುಟ್ಟ ಜಾಗಕ್ಕೆ ಹೊಸ ಹುಲ್ಲು ಹಾಕಲೇಬೇಡಿ. ನಮ್ಮವ್ವ ಬೇಸಿಗೆ ಬಂತೆಂದರೆ ಪಡಸಾಲೆಯಲ್ಲಿ ಕೌದಿ ಹರವಿಕೊಂಡು ಕೂರುತ್ತಿದ್ದಳು. ಹಳೇ ಕೌದಿಗೆ ಹೊಸ ಬಟ್ಟೆ ಇಟ್ಟರೆ ಕೈ ಮೇಲೆ ಹೊಡೆಯುತ್ತಿದ್ದಳು. ಹಳೇದಕ್ಕೆ ಹಳೇದೇ, ಸವೆದ ಧೋತರವೋ ಇಳಕಲ್ ಸೀರೆಯ ತುಂಡೋ. ಹೊಸದು ಒಗೆದಾಗ ಕುಗ್ಗಿ ಸುತ್ತಲಿನದನ್ನೂ ಜಗ್ಗುತ್ತದೆ. ಹುಲ್ಲಿನಲ್ಲಿ ಜಗ್ಗುವುದು ಬಣ್ಣ, ಅಷ್ಟೇ ವ್ಯತ್ಯಾಸ. ನಾಲ್ಕು ಬೇಸಿಗೆ ಕಂಡ ಅಂಗಳದ ನಡುವೆ ಹೊಸ ಹಸಿರು ಕಣ್ಣಿಗೆ ಚುಚ್ಚುತ್ತದೆ. ಹಾಗಾಗಿ ತುಳಸಿ ಕಟ್ಟೆಯ ಹಿಂದೆ, ಕಾಂಪೌಂಡಿನ ಬದಿ, ಯಾರ ಕಣ್ಣಿಗೂ ಬೀಳದ ಆದರೆ ಬಿಸಿಲು ಬೀಳುವ ಮೂಲೆಯಿಂದ ತುಂಡು ತೆಗೆಯಿರಿ. ಹೊಸದನ್ನು ಆ ಮೂಲೆಗೆ ಹಾಕಿ. ನೀರಿನ ಡ್ರಮ್ಮಿನ ಅಡಿಯಿಂದ ಮಾತ್ರ ತೆಗೆಯಬೇಡಿ, ಬಿಸಿಲು ಕಾಣದ ಆ ಜಾಗದ ಹುಲ್ಲು ಹೊಸದರಷ್ಟೇ ಹಸಿರಾಗಿರುತ್ತದೆ. ಒಮ್ಮೆ ನಾನೇ ಮೋಸ ಹೋಗಿದ್ದೇನೆ.

ಈಗ ಮುಖ್ಯವಾದದ್ದು. ಈ ಹುಲ್ಲು ನೆಟ್ಟಗೆ ನಿಂತಿರುವುದಿಲ್ಲ, ಒಂದು ಕಡೆ ಮಲಗಿರುತ್ತದೆ. ಅಂಗೈ ಚಪ್ಪಟೆ ಮಾಡಿ ಸವರಿ ನೋಡಿ. ಒಂದು ಕಡೆಗೆ ನುಣ್ಣಗೆ ಜಾರುತ್ತದೆ, ತಿರುಗಿಸಿ ಸವರಿದರೆ ಚುಚ್ಚುತ್ತದೆ, ಬೆಕ್ಕಿನ ಬೆನ್ನಿನ ಹಾಗೆ. ನುಣ್ಣಗೆ ಜಾರುವ ದಿಕ್ಕಿಗೆ ಹಿಂಬದಿಯಲ್ಲಿ ಸುಣ್ಣದ ಬಳಪದಿಂದ ಬಾಣ ಬರೆಯಿರಿ. ಸುಟ್ಟ ಭಾಗಕ್ಕೂ, ಮೂಲೆಯ ತುಂಡಿಗೂ, ಎರಡಕ್ಕೂ, ಕತ್ತರಿಸುವ ಮೊದಲೇ. ಕತ್ತರಿಸಿದ ಮೇಲೆ ಎಲ್ಲಾ ಒಂದೇ ಥರ ಕಾಣುತ್ತದೆ. ಬಾಣಗಳು ಒಂದೇ ಕಡೆ ನೋಡದಿದ್ದರೆ ತೇಪೆ ಒಂದು ಹೊತ್ತು ಕಪ್ಪಗೆ, ಇನ್ನೊಂದು ಹೊತ್ತು ಬೆಳ್ಳಗೆ ಕಾಣುತ್ತದೆ. ಮಖಮಲ್ ಕುಬಸಕ್ಕೆ ತೋಳು ತಿರುಗಾಮುರುಗಾ ಹೊಲಿದ ಹಾಗೆ.

ಕತ್ತರಿಸುವುದು ಹಿಂಬದಿಯಿಂದ, ಹೊಸ ಬ್ಲೇಡಿನಿಂದ. ಹೊಲಿಗೆಯ ಸಾಲುಗಳು ಅಲ್ಲಿ ಎದ್ದು ಕಾಣುತ್ತವೆ, ಎರಡು ಸಾಲಿನ ನಡುವೆಯೇ ಬ್ಲೇಡು ಓಡಬೇಕು. ಸುಟ್ಟದ್ದಕ್ಕಿಂತ ಎರಡು ಬೆರಳು ಜಾಸ್ತಿ, ಚೌಕಾಕಾರ. ತೆಗೆದ ತುಂಡನ್ನೇ ಅಳತೆಗಿಟ್ಟು ತೇಪೆ ಕತ್ತರಿಸಿ. ಗೋಂದಿಲ್ಲದೆ ಒಮ್ಮೆ ಕೂರಿಸಿ ನೋಡಿ, ಜೋಡಿನಲ್ಲೂ ಬೇರೆ ಸಾಲುಗಳ ನಡುವೆ ಇರುವಷ್ಟೇ ಸಂದು ಇರಬೇಕು. ಕೆಳಗೆ ಎರಡೂ ಅಂಚುಗಳನ್ನು ಹಿಡಿದಿಡುವ ಜೋಡಣೆ ಪಟ್ಟಿ ಹಾಸಿ, ಅದರ ಮೇಲೆ ಹುಲ್ಲು ಮಾರುವವರ ಹತ್ತಿರ ಸಿಗುವ ಹೊರಾಂಗಣದ ಗೋಂದನ್ನೇ ದೋಸೆಗೆ ಎಣ್ಣೆ ಸವರಿದಷ್ಟು ತೆಳ್ಳಗೆ ಬಳಿಯಿರಿ. ಜಾಸ್ತಿಯಾದರೆ ಮೇಲೆ ಉಕ್ಕಿ ಎಳೆಗಳೆಲ್ಲ ಜಡೆಗಟ್ಟುತ್ತವೆ. ಕೂರಿಸುವಾಗ ಜೋಡಿನಲ್ಲಿ ಸಿಕ್ಕಿಬಿದ್ದ ಎಳೆಗಳನ್ನು ದಬ್ಬಣದಿಂದ ಒಂದೊಂದಾಗಿ ಮೇಲೆತ್ತಿ. ಬೇಜಾರಿನ ಕೆಲಸ ನಿಜ, ನನಗೆ ಒಂದು ತೇಪೆಗೆ ಎರಡು ಲೋಟ ಚಹಾ ಬೇಕಾಗುತ್ತದೆ. ಆದರೆ ಜೋಡು ಮುಚ್ಚುವುದು ಆ ಎಳೆಗಳಿಂದಲೇ. ಮೇಲೆ ಹಲಗೆ, ಹಲಗೆಯ ಮೇಲೆ ರುಬ್ಬುವ ಗುಂಡು. ಮಾರನೇ ದಿನದವರೆಗೆ ಯಾರೂ ತುಳಿಯಬಾರದು. ಆಮೇಲೆ ಗಟ್ಟಿ ಕಸಬರಿಗೆಯಿಂದ ಮಲಗಿದ ದಿಕ್ಕಿಗೆ ಎದುರಾಗಿ ಗುಡಿಸಿ, ಒಂದೆರಡು ಹಿಡಿ ಒಣ ಸಿಲಿಕಾ ಮರಳು ಉದುರಿಸಿ.

ಅಂದ ಹಾಗೆ, ಈ ಹುಲ್ಲಿನ ಮೇಲೆ ಸಂಡಿಗೆ ಒಣಗಿಸುವವರನ್ನೂ ನೋಡಿದ್ದೇನೆ. ಧೂಳು, ಮರಳು, ಬೆಕ್ಕಿನ ಕೂದಲು ಎಲ್ಲಾ ಅದರೊಳಗಿರುತ್ತದೆ. ತಾರಸಿಗೆ ಹೋಗಿ ಹಳೇ ಪಂಚೆ ಹಾಸಿ, ಮೊಣಕಾಲು ನೋವು ನನಗಿದೆ, ನಿಮಗಲ್ಲ.

ತಾರಸಿ ಅಂದದ್ದಕ್ಕೆ ನೆನಪಾಯಿತು. ಮಿಕ್ಕ ಹುಲ್ಲಿನ ತುಂಡನ್ನು ಸುಮ್ನೆ ಅಟ್ಟಕ್ಕೆ ಎಸೆಯಬೇಡಿ. ಬಿಸಿಲಿಗೆ ಹಾಸಿಡಿ, ಅಂಗಳದ ಜೊತೆ ಅದಕ್ಕೂ ವಯಸ್ಸಾಗಲಿ. ನನ್ನದು ಮೇಲೆ ಟ್ಯಾಂಕಿನ ಪಕ್ಕದಲ್ಲಿದೆ. ಮೊಮ್ಮಗ ಸಂಜೆ ಅದರ ಮೇಲೆ ಮೊಬೈಲ್ ಹಿಡಿದು ಬಿದ್ದುಕೊಳ್ಳುತ್ತಾನೆ. ನಾನು ಏಳು ಅನ್ನುವುದಿಲ್ಲ, ಹುಲ್ಲು ಸ್ವಲ್ಪ ತುಳಿಸಿಕೊಳ್ಳಲೂ ಬೇಕಲ್ವಾ.