ದಲಾಲಿ ಅಂಗಡಿಯಿಂದ ಬಂದ ಜೀವನಾಂಶ: ನನ್ನ ಅನುಭವ

ಕಳೆದ ಡಿಸೆಂಬರಿನಲ್ಲಿ ನನ್ನ ಕಕ್ಷಿದಾರಳ ಇಬ್ಬರು ಮಕ್ಕಳ ಜೀವನಾಂಶದ ಬಾಕಿ 72,000 ರೂಪಾಯಿ ಒಂದೇ ಬಾರಿಗೆ ನ್ಯಾಯಾಲಯದಲ್ಲಿ ಜಮಾ ಆಯಿತು. ಕಟ್ಟಿದವನು ತಂದೆಯಲ್ಲ, ಅವನ ಭತ್ತ ಮಾರಿಕೊಟ್ಟ ಕಾರಟಗಿಯ ದಲಾಲಿ ಅಂಗಡಿಯವರು. “ಇದು ಆಗುವ ಮಾತಲ್ಲ” ಎಂದು ಸಿಂಧನೂರಿನ ನಮ್ಮ ವಕೀಲರ ಕೊಠಡಿಯಲ್ಲಿ ಎರಡು ವರ್ಷ ಹೇಳಿಸಿಕೊಂಡಿದ್ದೇನೆ. ಆದದ್ದು ಹೇಗೆಂದು ಬರೆದಿಟ್ಟರೆ ಇದೇ ಕೆಲಸದಲ್ಲಿರುವ ಇನ್ನೊಬ್ಬರಿಗೆ ಒಂದು ಬೆಳೆಯ ಕಾಲವಾದರೂ ಉಳಿದೀತು.

ಪ್ರಕರಣ ನನ್ನ ಕೈಗೆ ಬರುವಾಗಲೇ ಕೆಟ್ಟಿತ್ತು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನ ಅಡಿಯಲ್ಲಿ ಮಗುವಿಗೆ ಮೂರು ಸಾವಿರದಂತೆ ತಿಂಗಳಿಗೆ ಆರು ಸಾವಿರದ ಆದೇಶವಾಗಿ ಸುಮಾರು ಇಪ್ಪತ್ತೆರಡು ತಿಂಗಳು ಕಳೆದಿದ್ದವು. ಬಿಡಿಗಾಸು ಬಂದಿರಲಿಲ್ಲ. “ಬಾಕಿ ಬೆಳೆಯಲಿ, ಒಟ್ಟಿಗೆ ಹಾಕೋಣ” ಎಂದು ಹಿಂದಿನ ವಕೀಲರು ಹೇಳಿದ್ದರಂತೆ. ವಾರೆಂಟಿನ ಅರ್ಜಿಯನ್ನು ಬಾಕಿಯಾದ ಒಂದು ವರ್ಷದೊಳಗೆ ಹಾಕಬೇಕೆಂಬ ಷರತ್ತು ನಮಗೆಲ್ಲ ಬಾಯಿಪಾಠ, ಆದರೂ ಮುಳುಗುವುದು ಅಲ್ಲಿಯೇ. ಹತ್ತು ತಿಂಗಳ ಅರವತ್ತು ಸಾವಿರ ಕೈತಪ್ಪಿತು. ಅಂದಿನಿಂದ ಯಾವ ಪ್ರಕರಣದಲ್ಲೂ ಆರು ತಿಂಗಳಿಗೊಂದು ಅರ್ಜಿಯನ್ನು ನಾನು ತಪ್ಪಿಸಿಲ್ಲ. 2024ರ ಜುಲೈ 1ರಿಂದ 125ರ ಜಾಗಕ್ಕೆ ನಾಗರಿಕ ಸುರಕ್ಷಾ ಸಂಹಿತೆಯ 144 ಬಂದರೂ ಈ ಒಂದು ವರ್ಷದ ಗಡುವು ಹಾಗೆಯೇ ಇದೆ.

ಮೊದಲು ನಾನೂ ಎಲ್ಲರೂ ಮಾಡುವುದನ್ನೇ ಮಾಡಿದೆ. ಬಂಧನ ವಾರೆಂಟು ತೆಗೆಸಿದೆ. ಎರಡು ಬಾರಿ ಪೊಲೀಸರು ಬರುವ ಸುದ್ದಿ ಅವರಿಗಿಂತ ಮೊದಲೇ ಊರು ಸೇರಿತ್ತು. ಮೂರನೆಯ ಬಾರಿ ಸಿಕ್ಕಿದ. ಜೀಪಿನ ಡೀಸೆಲ್ಲಿಗೆಂದು ಆ ತಾಯಿಯ ಕೈಯಿಂದ ನಾಲ್ಕು ಸಾವಿರದಷ್ಟು ಹೋಗಿತ್ತು. ಕೆಸರು ಗದ್ದೆಯಲ್ಲಿ ಬಗ್ಗಿ ನಾಟಿ ಹಚ್ಚಿ ತಂದ ಕೂಲಿಯದು. ಅವನು ಒಂದು ತಿಂಗಳು ಜೈಲಿನಲ್ಲಿದ್ದು ಬಂದು, “ತೀರಿಸಿಯಾಯಿತು” ಎಂದು ಊರಲ್ಲಿ ಹೇಳಿಕೊಂಡು ಓಡಾಡಿದ. ಜೈಲು ವಸೂಲಿಯ ಒಂದು ದಾರಿ ಮಾತ್ರ, ಅದರಿಂದ ಬಾಕಿ ತೀರುವುದಿಲ್ಲ ಎಂದು ಸುಪ್ರೀಂ ಕೋರ್ಟು 1988ರಲ್ಲೇ ಕುಲದೀಪ್ ಕೌರ್ ಪ್ರಕರಣದಲ್ಲಿ ಹೇಳಿದೆ. ಅದನ್ನು ಓದಿ ತೋರಿಸಿದೆ. ಹಣ ಬರಲಿಲ್ಲ.

ಆಮೇಲೆ ಎಫ್‌ಎಲ್‌ಡಬ್ಲ್ಯು. ಅಂದರೆ ದಂಡದಂತೆ ಸ್ವತ್ತು ಜಪ್ತಿ ಮಾಡಿ ಹಣ ವಸೂಲು ಮಾಡುವ ವಾರೆಂಟು. ಅವನ ಬೈಕನ್ನು ಜಪ್ತಿ ಮಾಡಿಸಿದೆ. ಅದು ನ್ಯಾಯಾಲಯದ ಹಿಂದಿನ ಬೇವಿನ ಮರದಡಿ ಎಂಟು ತಿಂಗಳು ನಿಂತಿತು. ಸೀಟಿನ ಹರಿದ ಮೂಲೆಯಲ್ಲಿ ಅಳಿಲು ನಾರು ತುಂಬಿಸಿ ಗೂಡು ಮಾಡಿಕೊಂಡಿತ್ತು, ಎರಡೂ ಗಾಲಿಗಳು ನೆಲಕ್ಕೆ ಕುಳಿತಿದ್ದವು. ಹರಾಜಿನ ದಿನ ಫೈನಾನ್ಸಿನವರು ತಮ್ಮ ಸಾಲದ ಕಾಗದ ಹಿಡಿದು ಬಂದು ಬೈಕು ಒಯ್ದರು. ಕಂದಾಯ ಬಾಕಿಯಂತೆ ಜಮೀನಿನಿಂದ ವಸೂಲು ಮಾಡಿಸೋಣವೆಂದು ಜಿಲ್ಲಾಧಿಕಾರಿಗಳ ಹೆಸರಿಗೂ ವಾರೆಂಟು ಹೊರಡಿಸಿದೆ. ನಾಲ್ಕು ಎಕರೆಯ ಪಹಣಿ ಇನ್ನೂ ಅವನ ತಂದೆಯ ಹೆಸರಿನಲ್ಲೇ ಇತ್ತು. ಅಲ್ಲಿಗೆ ಅದೂ ಮುಗಿಯಿತು.

ಆ ದಿನ ಮೆಟ್ಟಿಲ ಮೇಲೆ ಕುಳಿತು ಆಕೆ ಕೇಳಿದಳು: “ಹೊಲ ತನ್ನದಲ್ಲ ಅನ್ನುತ್ತಾನೆ. ಭತ್ತದ ರೊಕ್ಕ ಯಾರ ಕೈಗೆ ಹೋಗುತ್ತದೆ ಮೇಡಂ?”

ರಾತ್ರಿ ಕುಳಿತು 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯನ್ನು ಮತ್ತೆ ತೆಗೆದೆ. ಆದೇಶದ ಹಣ ಕೊಡದವನ ಉದ್ಯೋಗದಾತನಿಂದಲೇ ಅದನ್ನು ಕಟ್ಟಿಸುವ 20(6)ನೇ ಕಲಮನ್ನು ಸಂಬಳದಾರರಿಗಷ್ಟೇ ಎಂದು ನಾವೆಲ್ಲ ಓದಿಕೊಂಡು ಬಂದಿದ್ದೇವೆ. ಉದ್ಯೋಗದಾತನ ಪಕ್ಕದಲ್ಲೇ ಪ್ರತಿವಾದಿಗೆ ಹಣ ಬಾಕಿ ಕೊಡಬೇಕಾದವನೂ ಅಲ್ಲಿದ್ದಾನೆ! ಅಂದರೆ ಭತ್ತ ತೂಗಿಸಿಕೊಂಡು ಇನ್ನೂ ಹಣ ಕೊಡದ ಅಂಗಡಿಯವನು. ಇನ್ನು ನ್ಯಾಯಾಲಯದ ಆದೇಶದಂತೆ ಸಲ್ಲಬೇಕಾದ ಹಣವನ್ನು ತಡೆದಿಟ್ಟರೆ ಮೂರನೆಯ ಕಲಮಿನ ಪ್ರಕಾರ ಅದೇ ಆರ್ಥಿಕ ದೌರ್ಜನ್ಯ. ಹಾಗಾಗಿ ಅರ್ಜಿಗೆ ಬೇರೆ ಕಾರಣ ಹುಡುಕಬೇಕಾಗಲಿಲ್ಲ. ಶಿಶು ಅಭಿವೃದ್ಧಿ ಯೋಜನಾಧಿಕಾರಿಯ (ಸಿಡಿಪಿಓ) ಕಚೇರಿಯಿಂದ ವರದಿ ತರಿಸಿ, 125ರ ಆದೇಶದ ಮೊತ್ತವನ್ನೇ, ಒಂದು ರೂಪಾಯಿ ಹೆಚ್ಚಿಸದೆ ಕೇಳಿದೆ. ಹೆಚ್ಚು ಕೇಳಿದ್ದರೆ ಮೊತ್ತದ ಜಗಳದಲ್ಲೇ ಇನ್ನೊಂದು ವರ್ಷ ಕಳೆಯುತ್ತಿತ್ತು.

ವಿಚಾರಣೆ ನಡೆಯುವಾಗಲೇ 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋಯಿತು. ಮುಂದಿನ ಮುದ್ದತಿಗೆ ಅವನ ಪರ ವಕೀಲರು ಪತ್ರಿಕೆ ಹಿಡಿದು ನಿಂತರು: ನೀರಿಲ್ಲ, ಬೆಳೆಯಿಲ್ಲ, ಕೊಡುವುದೆಲ್ಲಿಂದ? ಜಲಾಶಯ ಮತ್ತೆ ತುಂಬುವವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಹೊಸ ಮಾತು ತೆಗೆದ, ತಿಂಗಳು ತಿಂಗಳೂ ಕೈಯಲ್ಲೇ ಕೊಟ್ಟಿದ್ದೇನೆ ಎಂದ. ಆಗ ಆಕೆ ಗೋಡೆಯ ಕ್ಯಾಲೆಂಡರುಗಳನ್ನು ಸುರುಳಿ ಸುತ್ತಿ ತಂದಳು. ಪ್ರತಿ ತಿಂಗಳ ಐದನೆಯ ತಾರೀಖಿಗೆ ಮಗಳು ಪೆನ್ಸಿಲಿನಲ್ಲಿ “ಬಂದಿಲ್ಲ” ಎಂದು ಬರೆದಿದ್ದಳು. ಮೊದಲ ವರ್ಷದ ಅಕ್ಷರಗಳು ಸೊಟ್ಟ, ಒತ್ತಕ್ಷರ ಪಕ್ಕದ ಮನೆಗೆ ಜಾರಿತ್ತು. ಕೊನೆಯ ವರ್ಷದವು ನೇರ. ಪಾಟೀ ಸವಾಲಿನಲ್ಲಿ ಒಂದೊಂದೇ ಹಾಳೆ ತಿರುವುತ್ತಾ ಹೋದೆ. ನಾಲ್ಕನೆಯ ಹಾಳೆಗೆ ಅವನು ಉತ್ತರಿಸುವುದನ್ನು ನಿಲ್ಲಿಸಿದ. ಅಂದಿನ ಸವಾಲು ಚೆನ್ನಾಗಿತ್ತು ಎಂದು ಎದುರು ವಕೀಲರೇ ಬಂದು ಹೇಳಿದರು.

ಆದೇಶವಾಯಿತು, ಅವನು ಕಟ್ಟಲಿಲ್ಲ, 20(6)ರ ಅರ್ಜಿ ಹಾಕಿದೆ. ಅಂಗಡಿಗೆ ನಿರ್ದೇಶನ ಮುಟ್ಟಿದ್ದು ಜನವರಿಯಲ್ಲಿ. “ಅವನೇ ನಮಗೆ ಕೊಡಬೇಕು” ಎಂದು ಖಾತೆ ತೋರಿಸಿದರು. ಸುಳ್ಳಲ್ಲ. ಗೊಬ್ಬರ, ಔಷಧಿ, ಮುಂಗಡ ಎಲ್ಲವೂ ಅಂಗಡಿಯದೇ, ಆ ಬೆಳೆಯ ಲೆಕ್ಕ ಚುಕ್ತಾ ಆಗಿತ್ತು. ಬೇಸಿಗೆ ಬೆಳೆಯನ್ನು ಅವನು ಬೇರೆ ಅಂಗಡಿಗೆ ಹಾಕಿದ. ನನಗೆ ಮತ್ತೊಂದು ವರ್ಷ ಹೋಯಿತು.

ಕಲಿತದ್ದು ದಿನಗಳ ಲೆಕ್ಕ. ಭತ್ತ ತೂಕವಾದ ದಿನದಿಂದ ಹಣ ಕೈಸೇರುವವರೆಗೆ ನಮ್ಮ ಕಡೆ ಹದಿನೈದು ದಿನದಿಂದ ಒಂದು ತಿಂಗಳು. ಆ ನಡುವೆ ಮಾತ್ರ ಅಂಗಡಿಯವರು ಅವನಿಗೆ ಬಾಕಿದಾರರು. ನಿರ್ದೇಶನ ಆ ದಿನಗಳಲ್ಲೇ ಅಂಗಡಿಯ ಗದ್ದುಗೆಯ ಮೇಲೆ ಇರಬೇಕು. ಹೋದ ಹಂಗಾಮಿನಲ್ಲಿ ಕೊಯ್ಲಿಗೆ ಮೊದಲೇ ಅರ್ಜಿ ಸಿದ್ಧವಿತ್ತು. ಅವನ ಭತ್ತ 75 ಕಿಲೋ ಚೀಲ ಸುಮಾರು ನೂರೈವತ್ತು, ಚೀಲಕ್ಕೆ ಸಾವಿರದ ಆರುನೂರರ ಆಸುಪಾಸು. ಅಂಗಡಿಯ ಬಾಕಿ ಕಳೆದು ಲಕ್ಷದ ಹತ್ತಿರ ಉಳಿಯುತ್ತಿತ್ತು. ಅದರಲ್ಲಿ ನಮ್ಮದು 72,000. ಅವನು ಈ ಬಾರಿ ಯಾವ ಅಂಗಡಿಗೆ ಹಾಕಿದ, ಯಾವ ದಿನ ತೂಗಿಸಿದ ಎಂಬುದು ನನಗೆ ಹೇಗೆ ತಿಳಿಯಿತು ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಎದುರು ಪಕ್ಷದವರೂ ಓದುತ್ತಾರೆ, ಮುಂದಿನ ಬೆಳೆಗೂ ನನಗೆ ಆ ದಾರಿ ಬೇಕು.

ನಡುವೆ ಇನ್ನೊಂದು ಪ್ರಕರಣದಲ್ಲಿ ಹನ್ನೆರಡು ತಿಂಗಳ ಚೆಕ್ಕುಗಳನ್ನು ಮೊದಲೇ ಬರೆಸಿಕೊಂಡೆ. ಮೂರು ನಗದಾದವು, ನಾಲ್ಕನೆಯದು ಬೌನ್ಸ್ ಆಗಿ ಚೆಕ್ ಅಮಾನ್ಯದ 138ನೇ ಕಲಮಿನ ಇನ್ನೊಂದು ಫೈಲು ಬೆಳೆಯಿತು. ಅದನ್ನು ಮತ್ತೆ ಮಾಡುವುದಿಲ್ಲ. ಬಸ್ ನಿರ್ವಾಹಕನ ಪ್ರಕರಣ ಸುಲಭ: ಜೀವನಾಂಶಕ್ಕಾದರೆ ಸಂಬಳದ ಮೂರನೇ ಎರಡು ಭಾಗದವರೆಗೂ ಜಪ್ತಿಗೆ ಸಿಗುತ್ತದೆ. ವೇತನ ಬಟವಾಡೆ ಮಾಡುವ ಅಧಿಕಾರಿಗೆ ಆದೇಶ ಹೋದ ಮರುತಿಂಗಳೇ ಹಣ ಬಂತು.

ನನ್ನ ನಿದ್ದೆ ಕೆಡಿಸುವುದು ಗುಳೆ ಹೋದವರ ಫೈಲುಗಳು. ಲಿಂಗಸುಗೂರು, ದೇವದುರ್ಗ ಕಡೆಯ ತಂದೆಯರು ಬೆಂಗಳೂರಿನ ಕಟ್ಟಡ ಕೆಲಸದಲ್ಲಿರುತ್ತಾರೆ. ಹೊಲವಿಲ್ಲ, ಖಾತೆಯಿಲ್ಲ, ವಾರದ ಬಟವಾಡೆ ಮೇಸ್ತ್ರಿಯ ಕೈಯಲ್ಲಿ. ಅಂಥ ಒಂದು ಪ್ರಕರಣದಲ್ಲಿ ಮೇಸ್ತ್ರಿಯನ್ನೇ ಉದ್ಯೋಗದಾತನೆಂದು ತೋರಿಸಿ 20(6)ರ ಅರ್ಜಿ ಹಾಕಿದ್ದೇನೆ. ಮೊದಲ ನೋಟಿಸು “ವಿಳಾಸದಲ್ಲಿ ಇಲ್ಲ” ಎಂದು ಮರಳಿದೆ. ಎರಡನೆಯದು ಯಲಹಂಕದ ಕಟ್ಟಡವೊಂದರ ವಿಳಾಸಕ್ಕೆ ಹೋಗಿದೆ, ಮುಂದಿನ ಮುದ್ದತು ಯುಗಾದಿಯ ನಂತರ.